ಕಣ್ಣು ಮಿಟುಕಿಸದ ಜುಮಿಂಗಾನ್

ಬೇರೆ ಕಡೆ ರೆಪ್ಪೆಯ ಅಂಚಿಗೆ ಕುರು ಎದ್ದರೆ ಜನ ಔಷಧಿ ಹುಡುಕುತ್ತಾರೆ. ನಮ್ಮ ಜಾವಾದಲ್ಲಿ ಬಚ್ಚಲಿನ ತಟ್ಟಿಯಲ್ಲಿ ತೂತು ಹುಡುಕುತ್ತಾರೆ. ಕಣ್ಣಿಗೆ ಕುರು ಎದ್ದಿತೆಂದರೆ ಆ ಮನುಷ್ಯ ಹೆಂಗಸರು ಸ್ನಾನ ಮಾಡುವುದನ್ನು ಕದ್ದು ನೋಡಿದ್ದಾನೆ, ಅಲ್ಲಿಗೆ ಮುಗಿಯಿತು. ಸಾಕ್ಷಿ ಬೇಡ, ವಿಚಾರಣೆ ಬೇಡ, ತೀರ್ಪು ಮುಖದ ಮೇಲೇ ಊದಿಕೊಂಡು ಕೂತಿರುತ್ತದೆ. ಕಂಕುಳಲ್ಲಿ ಕುರು ಎದ್ದವನು ಮರ್ಯಾದಸ್ಥ, ಕುಂಡೆಯ ಮೇಲೆ ಎದ್ದವನೂ ಮರ್ಯಾದಸ್ಥ. ಕಣ್ಣಿಗೆ ಎದ್ದವನಿಗೆ ಮಾತ್ರ ಹೆಂಡತಿ ಅನ್ನ ಬಡಿಸುವುದಿಲ್ಲ.

ಇಂಥ ಊರಿನಲ್ಲಿ ಕಾಂಗ್ ಜುಮಿಂಗಾನನಿಗೆ ಕುರು ಎದ್ದಿತು. ಅವನ ಕೆಲಸ ಏನು ಗೊತ್ತೇ? ಕೆಮುನಿಂಗ್ ಬುಗ್ಗೆಯಲ್ಲಿ ಹೆಂಗಸರ ಕೊಳದ ಬಾಗಿಲು ಕಾಯುವುದು.

ನಾನು ಸರಿಂತೆನ್. ಬುಗ್ಗೆಯ ಪಕ್ಕದ ಆಲದ ಮರದ ಬುಡದಲ್ಲಿ ತೆಂಪೆ ಬಜ್ಜಿ, ಅಂದರೆ ಹುದುಗಿಸಿದ ಸೋಯಾಕಾಳಿನ ಬಜ್ಜಿ, ಕರಿಯುತ್ತೇನೆ. ನನ್ನ ಬಾಣಲೆಗೂ ಜುಮಿಂಗಾನನ ಕುರ್ಚಿಗೂ ನಡುವೆ ಒಂದು ಚಪ್ಪಲಿ ಎಸೆಯುವಷ್ಟು ದೂರ, ಎಸೆದೂ ನೋಡಿದ್ದೇನೆ. ಹಾಗಾಗಿ ಅವನ ಕಥೆಯನ್ನು ನಾನು ಇನ್ನೊಬ್ಬರ ಬಾಯಿಂದ ಕೇಳಿ ಹೇಳಬೇಕಾಗಿಲ್ಲ. ನಾವಿಬ್ಬರೂ ಹೆಚ್ಚುಕಡಿಮೆ ಒಂದೇ ವಯಸ್ಸಿನವರು. ನಾನು ಅವನನ್ನು ಕಾಂಗ್, ಅಂದರೆ ಅಣ್ಣ, ಅನ್ನುತ್ತೇನೆ. ಅವನು ನನ್ನನ್ನು ಯು, ಅಂದರೆ ಅಕ್ಕ, ಅನ್ನುತ್ತಾನೆ. ಯಾರು ದೊಡ್ಡವರು ಎಂಬುದು ಇನ್ನೂ ಇತ್ಯರ್ಥವಾಗಿಲ್ಲ.

ಜುಮಿಂಗಾನ್ ಹೇಳಿದ್ದನ್ನು ಹೇಳಿದ ಹಾಗೇ ಮಾಡುವ ಪೈಕಿ. ಹರೆಯದಲ್ಲಿ ಬಸ್ಸಿನ ಕಂಡಕ್ಟರ್ ಆಗಿದ್ದ. ‘ಕೈ ಚಾಚಿದೋರಿಗೆಲ್ಲ ಬಸ್ಸು ನಿಲ್ಲಿಸ್ಬೇಕು’ ಎಂದು ಮಾಲೀಕ ಹೇಳಿದ್ದನಂತೆ. ಗದ್ದೆಯಲ್ಲಿ ನಿಂತ ಬೆದರುಬೊಂಬೆಗೂ ಇವನು ಸೀಟಿ ಊದಿ ಬಸ್ಸು ನಿಲ್ಲಿಸಿದ. ಒಂದು ಸಲವಲ್ಲ, ಹೋಗುವಾಗಲೂ ಬರುವಾಗಲೂ. ಆ ಕೆಲಸ ಹೋಯಿತು. ಆಮೇಲೆ ಹೆಂಡತಿ ಪೈನೆಮ್ ತೀರಿಕೊಂಡಳು. ಸಾಯುವ ಮುಂಚೆ ಅವಳು ‘ಹೊತ್ತಿಗೆ ಸರಿಯಾಗಿ ಊಟ ಮಾಡು’ ಅಂದಿದ್ದಳು. ಇವತ್ತಿಗೂ ಮಸೀದಿಯಿಂದ ನಡುಹಗಲ ಕೂಗು ಕೇಳಿದ ಕೂಡಲೇ ಎಲ್ಲಿದ್ದರೂ ಬುತ್ತಿ ಬಿಚ್ಚುತ್ತಾನೆ. ಒಂದು ಸಲ ಹೆಣದ ಮುಂದೆಯೇ ಬಿಚ್ಚಿದ. ಸತ್ತವನ ಮಗ ಅಳುವುದು ಬಿಟ್ಟು ಬುತ್ತಿಯೊಳಗೆ ಇಣುಕಿ ನೋಡಿದ.

ಬುಗ್ಗೆಯ ಬಾಗಿಲಿಗೆ ಇವನಿಗಿಂತ ಮುಂಚೆ ದಿರುನ್ ಎಂಬವನಿದ್ದ. ದಿರುನ್ ನಿಜವಾಗಿಯೂ ಕದ್ದು ನೋಡುತ್ತಿದ್ದ. ಹಂಚಿನ ಮೇಲೆ ಹತ್ತಿ ಕೂತು, ಹಂಚು ಜಾರಿ, ಸೋಪು ಹಚ್ಚಿಕೊಂಡಿದ್ದ ಹೆಂಗಸರ ನಡುವೆ ದೊಪ್ಪನೆ ಬಿದ್ದ. ಅವನ ಎಡಗಣ್ಣಿನಲ್ಲೂ ಆಗ ಕುರುವಿತ್ತು. ನಮ್ಮ ನಂಬಿಕೆಗೆ ಇದಕ್ಕಿಂತ ದೊಡ್ಡ ಪುರಾವೆ ಬೇಕೇ? ಅವನನ್ನು ಓಡಿಸಿದ ಮೇಲೆ ಹೊಸ ಕಾವಲುಗಾರನನ್ನು ಆರಿಸಿದ್ದು ತುಕಿನೆಮ್ ಅಜ್ಜಿ. ಊರಿನ ಅರ್ಧ ಜನರ ಹೆರಿಗೆ ಮಾಡಿಸಿದ ಮುದುಕಿ. ಹೆಂಗಸರ ಕೊಳದಲ್ಲಿ ಅವಳ ಮಾತೇ ಕಾನೂನು. ‘ಜುಮಿಂಗಾನನ್ನ ಕೂರಿಸಿ. ಕದ್ದು ನೋಡೋಕೂ ಸ್ವಲ್ಪ ಬುದ್ಧಿ ಬೇಕು. ಇವನಿಗೆ ಅಷ್ಟಿಲ್ಲ’ ಅಂದಳು.

ಆದರೂ ಅವಳು ಅವನ ಕೈಯನ್ನು ಬುಗ್ಗೆಯ ನೀರಿನಲ್ಲಿ ಅದ್ದಿಸಿ ಆಣೆ ಮಾಡಿಸಿದಳು. ‘ಹೆಂಗಸರ ಮುಂದೆ ಕಣ್ಣು ಮಿಟುಕಿಸಬಾರ್ದು. ಒಂದ್ಸಲಾನೂ ಮಿಟುಕಿಸಬಾರ್ದು. ಗೊತ್ತಾಯ್ತಾ?’

‘ಗೊತ್ತಾಯ್ತು ಅಜ್ಜಿ’ ಅಂದ ಜುಮಿಂಗಾನ್.

ಅಂದಿನಿಂದ ಅವನು ಹೆಂಗಸರ ಕೊಳಕ್ಕೆ ಬೆನ್ನು ಮಾಡಿ, ಎದುರಿನ ಗಂಡಸರ ಕೊಳದ ನೀರಿನ ಥಳಥಳವನ್ನು ದಿಟ್ಟಿಸುತ್ತ ಕೂತ. ಸಂತೆಯ ಮೀನಿನ ಹಾಗೆ ಕಣ್ಣು ಅರಳಿಸಿಕೊಂಡು ಕೂತ. ಕಬ್ಬಿನ ಗದ್ದೆಯ ಮೇಲಿಂದ ಬೀಸುವ ಒಣಗಾಳಿ ನೇರ ಮುಖಕ್ಕೆ. ಸಾಲದ್ದಕ್ಕೆ ಸೆಕೆ ಎಂದು ಕಾಲಬಳಿ ಪುಟ್ಟದೊಂದು ಫ್ಯಾನು. ಬೆಳಗಿನಿಂದ ಸಂಜೆಯವರೆಗೆ ಹೆಂಗಸರು ಹೋಗುತ್ತಿದ್ದರು, ಬರುತ್ತಿದ್ದರು. ಅವನು ಮಾತ್ರ ಬೊಂಬೆ. ‘ಎಷ್ಟು ಗಂಭೀರ ನೋಡು, ಕಣ್ಣಿಗೆ ಎಣ್ಣೆ ಬಿಟ್ಕೊಂಡು ಕಾಯ್ತಾನೆ’ ಎಂದು ನಾವೆಲ್ಲ ಹೊಗಳಿದೆವು.

ಕೆಲವು ವರ್ಷ ಕಳೆಯಿತು. ‘ಯು, ಕಣ್ಣಲ್ಲಿ ಮರಳು ಬಿದ್ದಿದೆ, ಸ್ವಲ್ಪ ಊದು’ ಎಂದು ಬರತೊಡಗಿದ. ನಾನು ಊದುತ್ತಿದ್ದೆ. ಒಂದು ಕಣವೂ ಇರುತ್ತಿರಲಿಲ್ಲ. ಕಣ್ಣು ಮಾತ್ರ ಮೆಣಸಿನಕಾಯಿ ಅರೆದ ಒಳಕಲ್ಲಿನಷ್ಟು ಕೆಂಪು. ಬೆಳಿಗ್ಗೆ ಅಷ್ಟಿಷ್ಟು ಕಾಣುತ್ತಿತ್ತು, ಬಿಸಿಲೇರಿದಂತೆ ಎಲ್ಲವೂ ಮಸುಕು. ಒಂದು ಮಧ್ಯಾಹ್ನ ಬಾಗಿಲಿಗೆ ಬಂದ ಮೇಕೆಯೊಂದಕ್ಕೆ ಎದ್ದು ನಿಂತು ಕೈ ಮುಗಿದು, ‘ಬನ್ನಿ ಬು ಚಾರಿಕ್, ಇವತ್ತು ಬೇಗ ಬಂದ್ರಲ್ಲ’ ಅಂದ. ಬು ಚಾರಿಕ್ ಅಂದರೆ ಊರ ಗುಮಾಸ್ತರ ಹೆಂಡತಿ. ಆಕೆ ಹಿಂದೆಯೇ ನಿಂತಿದ್ದರು.

ಗಾಳಿ ಬೀಸಿದರೆ ಇನ್ನೊಂದು ಪಜೀತಿ. ಎರಡೂ ಕಣ್ಣಿಂದ ನೀರು ಧಾರೆಧಾರೆಯಾಗಿ ಇಳಿಯುತ್ತಿತ್ತು. ‘ಅಯ್ಯೋ ಪಾಪ, ಪೈನೆಮ್‌ನ ನೆನಸ್ಕೊಂಡು ಅಳ್ತಿದಾನೆ’ ಎಂದು ಹೆಂಗಸರು ಕರಗಿಹೋದರು. ಒಬ್ಬಳು ಕೋಳಿಸಾರು ತಂದಳು, ಇನ್ನೊಬ್ಬಳು ಹಲಸಿನ ಪಲ್ಯ ತಂದಳು. ‘ನಾನು ಅಳ್ತಿಲ್ಲ’ ಎಂದು ಅವನು ನಿಜ ಹೇಳಿದಷ್ಟೂ ‘ಎಂಥ ಸ್ವಾಭಿಮಾನ!’ ಎಂದು ಇನ್ನಷ್ಟು ಬಡಿಸಿದರು. ಹೊತ್ತಿಗೆ ಸರಿಯಾಗಿ ಊಟ ಮಾಡಬೇಕೆಂದು ಹೆಂಡತಿ ಹೇಳಿದ್ದಳಲ್ಲ, ಮಾಡಿದ. ನನ್ನ ಬಜ್ಜಿಯ ಕಡೆ ತಿರುಗಿಯೂ ನೋಡುತ್ತಿರಲಿಲ್ಲ. ನನಗೆ ಮೈ ಉರಿಯುತ್ತಿತ್ತು.

ಬು ಚಾರಿಕ್‌ಗೆ ಮಾತ್ರ ಅವನನ್ನು ಕಂಡರೆ ಆಗುತ್ತಿರಲಿಲ್ಲ, ಮೇಕೆಯ ಕಾರಣಕ್ಕಷ್ಟೇ ಅಲ್ಲ. ಒಂದು ದಿನ ಒಳಗೆ ‘ಮಗು ಬಿತ್ತು, ಮಗು ಬಿತ್ತು’ ಎಂದು ಕೂಗೆದ್ದಿತು. ಜುಮಿಂಗಾನ್ ಎರಡೂ ಕಣ್ಣು ಗಟ್ಟಿಯಾಗಿ ಮುಚ್ಚಿಕೊಂಡು ಒಳಗೆ ನುಗ್ಗಿ ನೀರಿಗೆ ಹಾರಿದ. ಅಷ್ಟರಲ್ಲಿ ಮಗು ತಾನೇ ಮೆಟ್ಟಿಲು ಹತ್ತಿಯಾಗಿತ್ತು. ಇವನು ತಡಕಾಡಿ, ಕೈಗೆ ಸಿಕ್ಕ ಜುಟ್ಟು ಹಿಡಿದು, ಬು ಚಾರಿಕ್ ಅವರನ್ನು ದಡಕ್ಕೆ ಎಳೆದು ಹಾಕಿದ. ‘ಹೆದರ್ಬೇಡ ಪುಟ್ಟಾ, ಬದುಕ್ಕೊಂಡೆ’ ಎಂದು ಬೆನ್ನೂ ತಟ್ಟಿದ.

ಹೀಗಿರುವಾಗ, ಉಪವಾಸದ ತಿಂಗಳು ಹತ್ತಿರವಾದ ಸಮಯದಲ್ಲಿ, ಅವನ ಬಲಗಣ್ಣಿನ ರೆಪ್ಪೆಯ ಮೇಲೆ ಕುರು ಎದ್ದಿತು. ಅದು ಒಣಗುವ ಮುಂಚೆ ಎಡಗಣ್ಣಿನಲ್ಲೂ ಒಂದು.

‘ಎರಡೂ ಕಣ್ಣಲ್ಲಿ ನೋಡಿದಾನೆ!’ ಅಂದರು ಬು ಚಾರಿಕ್.

ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅನ್ನುವ ಊರು ನಮ್ಮದು. ಸಂಜೆಯೊಳಗೆ ಅವನು ಯಾವ ತೂತಿನಿಂದ ನೋಡಿದ, ಯಾರನ್ನು ನೋಡಿದ, ಎಷ್ಟು ಹೊತ್ತು ನೋಡಿದ ಎಂಬುದೆಲ್ಲ ಊರಿಗೇ ಗೊತ್ತಿತ್ತು. ಅವನೊಬ್ಬನಿಗೆ ಗೊತ್ತಿರಲಿಲ್ಲ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡರಂತೆ. ಇವನು ಹೆಂಗಸರನ್ನು ಕಂಡಾಗಲೆಲ್ಲ ಕಣ್ಣು ಮುಟ್ಟಿಕೊಳ್ಳುತ್ತಿದ್ದ. ಉರಿಯುತ್ತಿತ್ತು, ಪಾಪ. ಕೋಳಿಸಾರು ನಿಂತಿತು. ಹಲಸಿನ ಪಲ್ಯವೂ ನಿಂತಿತು.

ಉಪವಾಸ ಶುರುವಾಗುವ ಹಿಂದಿನ ದಿನ ನಮ್ಮಲ್ಲಿ ಪದುಸಾನ್. ಸುತ್ತಲಿನ ಊರುಗಳ ಜನವೆಲ್ಲ ಬುಗ್ಗೆಗೆ ಬಂದು ತಲೆಗೆ ನೀರು ಹಾಕಿಕೊಂಡು ಶುದ್ಧವಾಗುವ ದಿನ. ಅವತ್ತು ಹೆಂಗಸರ ಕೊಳದಲ್ಲಿ ಕಾಲಿಡಲು ಜಾಗವಿರುವುದಿಲ್ಲ. ‘ಬೆಕ್ಕಿಗೆ ಮೀನು ಕಾಯೋಕೆ ಬಿಡ್ತೀರಾ?’ ಎಂದು ಬು ಚಾರಿಕ್ ಊರ ಮುಖ್ಯಸ್ಥರಾದ ಪಾಕ್ ಲುರಾ ಅವರನ್ನು ಹಿಡಿದುಕೊಂಡರು. ಬು ಚಾರಿಕ್ ಎದುರು ಪಾಕ್ ಲುರಾಗೆ ಉಗುಳು ನುಂಗುವುದೂ ಕಷ್ಟ. ಪದುಸಾನ್‌ಗೆ ಮುಂಚೆ ಸಭೆ ಕರೆದು ಜುಮಿಂಗಾನನನ್ನು ಉಳಿಸಿಕೊಳ್ಳಬೇಕೋ ಬಿಡಬೇಕೋ ತೀರ್ಮಾನಿಸುವುದು ಎಂದಾಯಿತು.

ಆ ಸಂಜೆ ಅವನು ನನ್ನ ಬಾಣಲೆಯ ಮುಂದೆ ಕುಕ್ಕರಗಾಲಲ್ಲಿ ಕೂತ.

‘ನಿಜ ಹೇಳು ಕಾಂಗ್. ನೋಡಿದೀಯಾ?’ ಅಂದೆ.

‘ಏನನ್ನ?’

‘ನನ್ನ ತಲೆಯನ್ನ! ಹೆಂಗಸರು ಸ್ನಾನ ಮಾಡೋದನ್ನ ನೋಡಿದೀಯಾ?’

‘ಯು, ಬಜ್ಜಿ ಕಪ್ಪಗಾಗಿದೆಯೋ ಕೆಂಪಗಿದೆಯೋ ನಂಗೆ ಕಾಣಲ್ಲ. ಕೆಲಸ ಹೋದ್ರೆ ಹೋಗ್ಲಿ, ಬೇರೆ ಸಿಗುತ್ತೆ. ಆದ್ರೆ ಉಪವಾಸಕ್ಕೆ ಮುಂಚೆ ಈ ವಾರ ಎಲ್ಲರೂ ತಮ್ಮೋರ ಗೋರಿ ತೊಳೆಯೋಕೆ ಹೋಗ್ತಾರೆ. ನಾನು ಪೈನೆಮ್ ಗೋರಿ ಮುಂದೆ ಕೂತು ಏನು ಹೇಳ್ಲಿ? ಹೆಂಗಸರನ್ನ ಕದ್ದು ನೋಡ್ದೆ ಅಂತ ಓಡಿಸಿದ್ರು ಅನ್ಲಾ?’

ಕಣ್ಣಲ್ಲಿ ನೀರಿತ್ತು. ಈ ಸಲ ಗಾಳಿ ಇರಲಿಲ್ಲ. ಮರುದಿನ ಒಲೆ ಹಚ್ಚದೆ ಅವನನ್ನು ಎಳೆದುಕೊಂಡು ಪಟ್ಟಣದ ಕಣ್ಣಿನ ಡಾಕ್ಟರ ಬಳಿಗೆ ಹೋದೆ.

ಡಾಕ್ಟರು ಚಿಕ್ಕ ವಯಸ್ಸಿನ ಹೆಂಗಸು. ಹಳದಿ ಔಷಧಿಯ ಹನಿ ಹಾಕಿ, ನೀಲಿ ದೀಪ ಬಿಟ್ಟು, ‘ಪಾಕ್, ಕಣ್ಣು ಮಿಟುಕಿಸಿ’ ಅಂದರು. ಪಾಕ್ ಅಂದರೆ ಯಜಮಾನರೇ ಎಂದ ಹಾಗೆ.

‘ಆಗಲ್ಲ’ ಅಂದ ಜುಮಿಂಗಾನ್.

‘ನೋವಾಗುತ್ತಾ?’

‘ಇಲ್ಲ. ನೀವು ಹೆಂಗಸು.’

ಡಾಕ್ಟರು ನನ್ನ ಮುಖ ನೋಡಿದರು. ನಾನು ಅವನ ಮುಖ ನೋಡಿದೆ. ಆಗ ಹೊರಬಿತ್ತು, ಬುಗ್ಗೆಯ ನೀರಿನಲ್ಲಿ ಕೈ ಅದ್ದಿ ಮಾಡಿದ ಆಣೆ. ಇಷ್ಟು ವರ್ಷ ಈ ಮಹಾಪುರುಷ ಹೆಂಗಸರು ಕಣ್ಣಳತೆಯಲ್ಲಿ ಇರುವಷ್ಟು ಹೊತ್ತು ರೆಪ್ಪೆಯನ್ನೇ ಬಡಿದಿರಲಿಲ್ಲ! ತಡೆಯಲಾಗದೆ ಹೋದಾಗ ಗೋಡೆಯ ಹಿಂದೆ ಹೋಗಿ ಮಿಟುಕಿಸಿ ಬರುತ್ತಿದ್ದನಂತೆ, ಉಚ್ಚೆಗೆ ಹೋಗಿಬಂದ ಹಾಗೆ.

ನಾವಿಬ್ಬರೂ ಗೋಡೆಯ ಕಡೆ ತಿರುಗಿ ನಿಂತ ಮೇಲೆ ಅವನು ಮಿಟುಕಿಸಿದ. ಡಾಕ್ಟರು ಗಬಕ್ಕನೆ ತಿರುಗಿ ಪರೀಕ್ಷೆ ಮಾಡಿಕೊಂಡರು. ಆಮೇಲೆ ರೆಪ್ಪೆಯ ಅಂಚನ್ನು ಬೆರಳಿನಿಂದ ಒತ್ತಿದರು. ಪೇಸ್ಟಿನ ಹಾಗೆ ಗಟ್ಟಿಯಾದ ಜಿಡ್ಡು ಹೊರಬಂತು.

‘ಕಣ್ಣು ಒಣಗಿಹೋಗಿದೆ’ ಅಂದರು.

ನನಗೆ ರೇಗಿತು. ‘ಒಣಗಿದೆಯಾ? ಇವನ ಕಣ್ಣೀರು ನೋಡಿ ಅರ್ಧ ಊರು ಕೋಳಿ ಕೊಯ್ದಿದೆ ಡಾಕ್ಟ್ರೇ!’

ಡಾಕ್ಟರು ನಕ್ಕು ಬಿಡಿಸಿ ಹೇಳಿದರು. ಕಣ್ಣೀರು ಬರಿಯ ನೀರಲ್ಲ, ಅದರ ಮೇಲೆ ತೆಳ್ಳಗೆ ಎಣ್ಣೆ ಇರಬೇಕು. ಆ ಎಣ್ಣೆ ರೆಪ್ಪೆಯೊಳಗೇ ಇರುತ್ತದೆ, ಪ್ರತಿ ಸಲ ಮಿಟುಕಿಸಿದಾಗಲೂ ಸ್ವಲ್ಪ ಸ್ವಲ್ಪ ಒಸರಿ ಕಣ್ಣಿಗೆಲ್ಲ ಹರಡುತ್ತದೆ. ಮಿಟುಕಿಸದಿದ್ದರೆ ನೀರು ಗಾಳಿಗೆ ಆರಿಹೋಗುತ್ತದೆ, ಕಣ್ಣು ಉರಿಯುತ್ತದೆ, ನೋಟ ಮಸುಕಾಗುತ್ತದೆ. ಉರಿ ಹೆಚ್ಚಾದರೆ ಕಣ್ಣು ಗಾಬರಿಯಾಗಿ ಒಮ್ಮೆಲೇ ನೀರು ಸುರಿಸುತ್ತದೆ, ಆದರೆ ಆ ನೀರು ಕಣ್ಣಲ್ಲಿ ನಿಲ್ಲುವುದಿಲ್ಲ. ಒಳಗೇ ಉಳಿದ ಎಣ್ಣೆ ಹೆಪ್ಪುಗಟ್ಟಿ ದಾರಿ ಮುಚ್ಚಿಕೊಂಡರೆ ಅಲ್ಲೇ ಕುರು. ಹೀಗೇ ಬಿಟ್ಟರೆ ಕರಿಗುಡ್ಡೆಯ ಮೇಲೆ ಗೀರು ಬಿದ್ದು ನೋಟಕ್ಕೇ ಕುತ್ತು.

ಎಣ್ಣೆಯ ಮಾತು ನನಗೆ ಹೇಳಿಕೊಡಬೇಕೇ? ಆರಿದ ಬಾಣಲೆಯ ತಳದ ಜಿಡ್ಡು. ಬಿಸಿ ತಾಗಿಸಿದರೆ ಕರಗುತ್ತದೆ. ಡಾಕ್ಟರೂ ಅದನ್ನೇ ಹೇಳಿದರು: ದಿನಾ ಬಿಸಿಬಟ್ಟೆಯ ಶಾಖ, ರೆಪ್ಪೆ ಮೆಲ್ಲಗೆ ಒತ್ತಿ ಒರೆಸುವುದು, ಹನಿ ಹಾಕುವುದು, ಫ್ಯಾನನ್ನು ಆಚೆ ತಿರುಗಿಸುವುದು. ‘ಎಲ್ಲಕ್ಕಿಂತ ಮುಖ್ಯ, ಮಿಟುಕಿಸಬೇಕು ಪಾಕ್. ಪೂರ್ತಿ ರೆಪ್ಪೆ ಮುಚ್ಚಿ, ಚೆನ್ನಾಗಿ.’

‘ಹೆಂಗಸರ ಮುಂದೆ?’

‘ಯಾರ ಮುಂದೆ ಬೇಕಾದ್ರೂ!’

ಆಣೆ ಒಂದು ಕಡೆ, ಡಾಕ್ಟರು ಒಂದು ಕಡೆ. ಬಸ್ಸಿನಲ್ಲಿ ಬರುವಾಗ ಪೂರ್ತಿ ಯೋಚಿಸುತ್ತಲೇ ಇದ್ದ. ಕೊನೆಗೆ, ಬುಗ್ಗೆಯ ಬಳಿ ಯಾರೂ ಇಲ್ಲದಾಗ ಅಭ್ಯಾಸ ಮಾಡುವುದು ಎಂದು ನಿರ್ಧರಿಸಿದ. ಮರುದಿನ ನಾನು ಬಟ್ಟೆ ಬಿಸಿ ಮಾಡಿ ಕೊಟ್ಟೆ, ಶಾಖ ತೆಗೆದುಕೊಂಡು ಬಾಗಿಲ ಕಂಬದ ಎದುರು ನಿಂತ. ಡಾಕ್ಟರು ಹೇಳಿದ ಹಾಗೇ ಪೂರ್ತಿ ರೆಪ್ಪೆ ಮುಚ್ಚಿ, ನಿಧಾನವಾಗಿ, ಹೃತ್ಪೂರ್ವಕವಾಗಿ ಕಂಬಕ್ಕೆ ಕಣ್ಣು ಮಿಟುಕಿಸತೊಡಗಿದ. ಕಂಬದ ಹಿಂದಿನಿಂದ ಬು ಚಾರಿಕ್ ಬಂದರು.

‘ನಂಗೆ ಕಣ್ಣು ಹೊಡೆದ!’ ಎಂಬ ಕೂಗು ಮಸೀದಿಯ ಮೈಕಿಗಿಂತ ದೂರ ಹೋಯಿತು. ‘ಅದೂ ಎರಡೂ ಕಣ್ಣನ್ನ ಹೊಡೆದ!’

ಸಭೆಗೆ ಇಡೀ ಊರೇ ಬಂತು. ಕುರುಗಳು ಇನ್ನೂ ಹೋಗಿರಲಿಲ್ಲ. ಜುಮಿಂಗಾನ್ ಒಗೆದ ಬಾಟಿಕ್ ಅಂಗಿ ಹಾಕಿಕೊಂಡು ಮುಂದೆ ಚಾಪೆಯ ಮೇಲೆ ತಲೆ ತಗ್ಗಿಸಿ ಕೂತಿದ್ದ. ನಾನು ಎದ್ದು ನಿಂತು ಡಾಕ್ಟರು ಹೇಳಿದ್ದನ್ನೆಲ್ಲ ಹೇಳಿದೆ. ‘ಮಧ್ಯಾಹ್ನ ಆದ್ರೆ ಇವನಿಗೆ ಮೇಕೆ ಯಾವುದು, ಬು ಚಾರಿಕ್ ಯಾರು ಅಂತ್ಲೇ ಗೊತ್ತಾಗಲ್ಲ. ಇನ್ನು ಕದ್ದು ನೋಡೋದೆಲ್ಲಿ ಬಂತು?’ ಅಂದೆ. ಹಿಂದಿನ ಸಾಲಿನ ಗಂಡಸರು ಕಿಸಕ್ಕೆಂದರು.

ಬು ಚಾರಿಕ್ ಸುಮ್ಮನಿರುವ ಹೆಂಗಸಲ್ಲ. ‘ಸರಿ. ಕಣ್ಣೇ ಕಾಣದೋನು ಅಂತ ನೀನೇ ಹೇಳ್ದೆ. ಪದುಸಾನ್ ದಿನ ಮಗು ಮುಳುಗಿದ್ರೆ ಇವನು ಯಾರನ್ನ ಎಳೀತಾನೆ? ಮೇಕೇನಾ?’

ಪಾಕ್ ಲುರಾ ಕರವಸ್ತ್ರದಿಂದ ಬೆವರು ಒರೆಸಿಕೊಂಡರು. ‘ಅದೂ ನಿಜವೇ. ಕಣ್ಣು ಕಾಣದಿದ್ರೆ ಕಾವಲು ಹೆಂಗೆ?’

ಅತ್ತ ದರಿ ಇತ್ತ ಪುಲಿ. ಕಣ್ಣು ಕಾಣುತ್ತದೆ ಅಂದರೆ ಕಳ್ಳ, ಕಾಣುವುದಿಲ್ಲ ಅಂದರೆ ಕೆಲಸಕ್ಕೆ ಬಾರದವನು. ನನ್ನ ಬಾಯಿಂದಲೇ ಅವನನ್ನು ಹಳ್ಳಕ್ಕೆ ತಳ್ಳಿದ ಹಾಗಾಯಿತಲ್ಲ ಎಂದು ನನಗೆ ನನ್ನ ಮೇಲೇ ಸಿಟ್ಟು ಬಂತು.

ಅಷ್ಟರಲ್ಲಿ ಮೂಲೆಯಿಂದ ತುಕಿನೆಮ್ ಅಜ್ಜಿ, ಎಲೆಅಡಿಕೆ ಜಗಿಯುತ್ತ, ‘ಅಲ್ಲ ಕಣೋ, ಇಷ್ಟು ವರ್ಷ ಮಿಟುಕಿಸದೆ ಯಾಕೆ ಕೂತಿದ್ದೆ? ಯಾವ ಪುಣ್ಯಾತ್ಮ ಹೇಳ್ದ?’ ಅಂದಳು.

‘ನೀವೇ ಅಜ್ಜಿ.’

ಅಜ್ಜಿ ಜಗಿಯುವುದನ್ನು ನಿಲ್ಲಿಸಿದಳು. ‘ಲೋ ಕತ್ತೆ! ಹೆಂಗಸರಿಗೆ ಕಣ್ಣು ಹೊಡೀಬೇಡ ಅಂದೆ ಕಣೋ! ದೇವ್ರು ಕೊಟ್ಟ ರೆಪ್ಪೆ ಬಡೀಬೇಡ ಅಂದೆನಾ?’

‘ಮಿಟುಕಿಸಬಾರ್ದು, ಒಂದ್ಸಲಾನೂ ಮಿಟುಕಿಸಬಾರ್ದು ಅಂದ್ರಿ’ ಅಂದ, ಮೆಲ್ಲಗೆ. ಒಂದು ಅಕ್ಷರವೂ ತಪ್ಪಿರಲಿಲ್ಲ.

ಸಭೆ ಹೊಟ್ಟೆ ಹಿಡಿದುಕೊಂಡು ನಕ್ಕಿತು. ಅಜ್ಜಿ ನಗಲಿಲ್ಲ. ಕೋಲೂರಿಕೊಂಡು ಬಂದು ಅವನ ಮುಂದೆ ನಿಂತಳು. ‘ಆಣೆ ಇಲ್ಲಿಗೆ ಬಿಟ್ಟುಹೋಯ್ತು. ಈಗ ಮಿಟುಕಿಸು. ಎಲ್ಲರ ಮುಂದೆ. ಆಮೇಲೆ ನಿಂಗೆ ಏನು ಕಾಣುತ್ತೆ ಅಂತ ಆ ಕೊನೆವರೆಗೆ ನೋಡಿ ಹೇಳು. ಕಾಣದಿದ್ರೆ ನಾನೇ ಮನೆಗೆ ಕಳಿಸ್ತೀನಿ.’

ಜುಮಿಂಗಾನ್ ಸುತ್ತ ನೋಡಿದ. ಎಲ್ಲೆಲ್ಲೂ ಹೆಂಗಸರು. ಕಿವಿಯವರೆಗೆ ಕೆಂಪಾದ. ನಾನು ಸಭೆಯ ಕಟ್ಟಕಡೆಯಲ್ಲಿ, ಬಾಗಿಲ ಬೆಳಕಿನಲ್ಲಿ, ಹೆಗಲ ಶಾಲಿನ ತುದಿ ಕಚ್ಚಿಕೊಂಡು ನಿಂತಿದ್ದೆ. ಅವನು ಒಮ್ಮೆ ರೆಪ್ಪೆ ಮುಚ್ಚಿ ತೆರೆದ. ಇನ್ನೊಮ್ಮೆ. ಹುಡುಗಿಯರು ಬಾಯಿಗೆ ಕೈ ಅಡ್ಡ ಹಿಡಿದರು. ಮತ್ತೆ ಮತ್ತೆ, ಪೂರ್ತಿ ಮುಚ್ಚಿ, ಪೂರ್ತಿ ತೆರೆದು ಮಿಟುಕಿಸಿದ. ಅವನ ಮುಖದ ಸುಕ್ಕು ಒಂದೊಂದಾಗಿ ಸಡಿಲವಾಗುವುದು ನನಗೆ ಅಲ್ಲಿಂದಲೇ ಕಂಡಿತು. ಆಮೇಲೆ ಅವನು ಬು ಚಾರಿಕ್ ಅವರನ್ನು ದಾಟಿ, ಪಾಕ್ ಲುರಾ ಅವರನ್ನು ದಾಟಿ, ನೇರ ನನ್ನನ್ನು ನೋಡಿದ. ಬಾಯಿ ಅರ್ಧ ತೆರೆದುಕೊಂಡಿತು.

‘ಯು’ ಅಂದ. ‘ನಿನ್ನ ಕೂದಲು ಯಾವಾಗ ಬೆಳ್ಳಗಾಯ್ತು?’

ನನ್ನ ಮುಡಿಯಲ್ಲಿ ಬೆಳ್ಳಿ ಎಳೆಗಳು ಬಂದು ಎಷ್ಟೋ ವರ್ಷವಾಗಿತ್ತು. ದಿನಾ ಬೆಳಿಗ್ಗೆ ಅದೇ ಮುಡಿ ಹೊತ್ತು ಅವನ ಮುಂದೆಯೇ ನಡೆದು ಕೊಳಕ್ಕೆ ಹೋಗಿದ್ದೆ, ಅವನ ಕಣ್ಣಿಗೆ ಊದಿದ್ದೆ, ಬೈದಿದ್ದೆ.

ಅಜ್ಜಿ ಕೋಲನ್ನು ನೆಲಕ್ಕೆ ಕುಟ್ಟಿದಳು. ‘ಕೇಳಿದ್ಯಾ ಲುರಾ? ಅಲ್ಲಿ ನಿಂತಿರೋ ಹೆಂಗಸಿನ ನರೆಗೂದಲು ಇಲ್ಲಿಂದ ಕಾಣುತ್ತೆ ಅಂದ್ರೆ ಮುಳುಗೋ ಮಗೂನೂ ಕಾಣುತ್ತೆ. ದಿನಾ ಕಣ್ಮುಂದೆ ಓಡಾಡೋಳ ತಲೇನೇ ಇವತ್ತು ನೋಡಿದೋನು ಒಳಗೆ ಇನ್ಯಾರನ್ನ ನೋಡಿರ್ತಾನೆ?’

ಪಾಕ್ ಲುರಾ ಬು ಚಾರಿಕ್ ಕಡೆ ನೋಡಿದರು. ಬು ಚಾರಿಕ್ ತಮ್ಮ ಜುಟ್ಟು ಸರಿಮಾಡಿಕೊಳ್ಳುತ್ತ ಬೇರೆ ಕಡೆ ನೋಡಿದರು. ಪದುಸಾನ್‌ಗೆ ಬಾಗಿಲಲ್ಲಿ ಜುಮಿಂಗಾನನೇ ಇರಲಿ ಎಂದಾಯಿತು.

ಜನ ಎದ್ದು ಹೊರಟರೂ ಅವನು ಅಲ್ಲೇ ಕೂತು ನನ್ನನ್ನೇ ನೋಡುತ್ತಿದ್ದ, ಉತ್ತರಕ್ಕೆ ಕಾಯುತ್ತಿದ್ದ. ಪ್ರಶ್ನೆ ಕೇಳಿದರೆ ಉತ್ತರ ಬರುವವರೆಗೆ ಕಾಯುವ ಮನುಷ್ಯನಲ್ಲವೇ. ಇಷ್ಟು ವರ್ಷ ಯಾರನ್ನೂ ಕದ್ದು ನೋಡಲಿಲ್ಲವಲ್ಲ ಎಂದು ನನಗೆ ಖುಷಿಯಾಯಿತು. ನನ್ನನ್ನೂ ನೋಡಲಿಲ್ಲವಲ್ಲ ಎಂದು ಎಲ್ಲಿಲ್ಲದ ಸಿಟ್ಟೂ ಬಂತು.

‘ನೀನು ಕಣ್ಣು ಮಿಟುಕಿಸದೆ ಕೂತಿದ್ಯಲ್ಲ ಕಾಂಗ್’ ಅಂದೆ, ‘ಆಗ.’